ಮೈಗೆ ಆಗಿಬರದ ಗುಳಿಗೆ ಮತ್ತೆ ಕೈಗೆ ಬರಬಾರದು: ಸಣ್ಣ ಕ್ಲಿನಿಕ್‌ನಲ್ಲಿ ಇದನ್ನು ಹೇಗೆ ಮಾಡೋದು?

ಗಂಗಾವಳಿ ದಂಡೆ

ಎಲ್ಲರಿಗೂ ನಮಸ್ಕಾರ. ಅಂಕೋಲಾದಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯಲ್ಲಿ, ಗಂಗಾವಳಿ ಹೊಳೆಯ ಹತ್ತಿರ ಒಂದು ಸಣ್ಣ ಕ್ಲಿನಿಕ್ ಇದೆ. ಅಲ್ಲಿ ನಾನು ಫಾರ್ಮಸಿಸ್ಟ್. ಒಂಬತ್ತು ವರ್ಷ ಆಯಿತು. ಡಾಕ್ಟರು ವಾರಕ್ಕೆ ನಾಲ್ಕು ದಿನ ಬರುತ್ತಾರೆ. ಉಳಿದಂತೆ ನಾನು, ಒಬ್ಬರು ಸಿಸ್ಟರ್, ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಇನ್ವರ್ಟರ್. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬಾರದೆ ಇದ್ದದ್ದೂ ಉಂಟು. ಫೋನಿಗೆ ಸಿಗ್ನಲ್ ಬೇಕಾದರೆ ಹಿತ್ತಲಿನ ಗೇರು ಮರದ ತನಕ ಹೋಗಬೇಕು.

ಕಳೆದ ಶ್ರಾವಣದಲ್ಲಿ ನಡೆದದ್ದು ಹೇಳುತ್ತೇನೆ. ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದರು. ಕೆನ್ನೆಯ ಒಂದು ಬದಿಗೆ ಶಾಕ್ ಹೊಡೆದ ಹಾಗೆ ನೋವು. ಒಂದು ತುತ್ತು ಗಂಜಿ ಉಣ್ಣಲೂ ಆಗುತ್ತಿರಲಿಲ್ಲ. ಬೇರೆ ಊರಿನಲ್ಲಿ ತೋರಿಸಿ ಚೀಟಿ ತಂದಿದ್ದರು. ಚೀಟಿಯಲ್ಲಿ ಕಾರ್ಬಮಜೆಪಿನ್. ಈ ನೋವಿಗೆ ಮೊದಲು ಕೊಡುವ ಔಷಧವೇ ಅದು. ನಾನು ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕಿಯೂ ಆಗಿತ್ತು. ದುಡ್ಡು ಹುಡುಕಲು ಅವರ ಸೊಸೆ ಪ್ಲಾಸ್ಟಿಕ್ ಕೊಟ್ಟೆಯನ್ನು ಕೌಂಟರ್ ಮೇಲೆ ಸುರಿದಳು. ರೇಷನ್ ಕಾರ್ಡ್, ಆಧಾರ್, ಹಳೆಯ ಎಕ್ಸ್‌ರೇ. ಅದರ ನಡುವೆ ನಾಲ್ಕು ಮಡಿಕೆ ಮಾಡಿದ ಒಂದು ಡಿಸ್ಚಾರ್ಜ್ ಕಾಗದ.

ಯಾಕೋ ಅದನ್ನು ಬಿಡಿಸಿ ಓದಿದೆ. ನಾಲ್ಕು ವರ್ಷದ ಹಿಂದೆ ಇದೇ ನೋವಿಗೆ ಇದೇ ಗುಳಿಗೆ ಕೊಟ್ಟಿದ್ದರು. ಹದಿನಾರನೇ ದಿನಕ್ಕೆ ಜ್ವರ, ಬಾಯಿ ತುಂಬ ಹುಣ್ಣು, ಮೈಯ ಚರ್ಮ ಸುಟ್ಟ ಹಾಗೆ ಸುಲಿದು ಬಂದಿದೆ. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. ಜಿಲ್ಲೆಯಾಚೆಯ ಆಸ್ಪತ್ರೆಯಲ್ಲಿ 22 ದಿನ ಇದ್ದರಂತೆ. ಕೆಳಗೆ ಒಂದು ಸಾಲು: ‘ಎಚ್‌ಎಲ್‌ಎ-ಬಿ 15:02 ಪಾಸಿಟಿವ್’. ಈ ಗುಳಿಗೆಯಿಂದ ಹೀಗಾಗುವ ಅಪಾಯ ಹೆಚ್ಚಿಸುವ ಜೀನ್ ಬಗೆ ಅವರಲ್ಲಿದೆ ಅಂತ ಅದರ ಅರ್ಥ. ಆ ಸಾಲನ್ನು ಓದಿದಾಗ ಕೈ ತಣ್ಣಗಾಯಿತು. ಕವರನ್ನು ಹಿಂದೆ ತೆಗೆದುಕೊಂಡು ಡಾಕ್ಟರಿಗೆ ಫೋನ್ ಮಾಡಿದೆ. ಬೇರೆ ಔಷಧ ಬರೆದರು.

ಆ ಅಮ್ಮನಿಗೆ ಏನೂ ಗೊತ್ತಿರಲಿಲ್ಲ. ಮನೆಯವರು ಆಗ ಬಂದದ್ದು ನಾಗನ ತೊಂದರೆ ಅಂತ ತಿಳಿದು ಪೂಜೆ ಮಾಡಿಸಿದ್ದರು. ಗುಳಿಗೆಯಿಂದ ಆದದ್ದು ಅಂತ ಅವರಿಗೆ ಅರ್ಥವಾಗುವ ಹಾಗೆ ಯಾರೂ ಹೇಳಿರಲಿಲ್ಲ. ಈಗಲೂ ಅವರ ಕಣ್ಣು ಒಣಗಿ ಉರಿಯುತ್ತದೆ.

ಒಬ್ಬೊಬ್ಬರ ಜೀನ್ ನೋಡಿ ಯಾವ ಔಷಧ ಆಗಿಬರುತ್ತದೆ, ಯಾವುದು ಬರುವುದಿಲ್ಲ ಎಂದು ಹೇಳುವ ವಿದ್ಯೆಗೆ ಫಾರ್ಮಕೋಜೀನೋಮಿಕ್ಸ್ ಅನ್ನುತ್ತಾರೆ. ಎಲ್ಲರಿಗೂ ಟೆಸ್ಟ್ ಮಾಡಿಸಿ ಎನ್ನುವ ಸ್ಥಿತಿ ನಮ್ಮದಲ್ಲ. ಅಡಿಕೆ ಕೊಯ್ಲಿನ ಕೂಲಿಗೆ ಹೋಗುವವರಿಗೆ ಅದನ್ನು ಹೇಳುವ ಬಾಯಿ ನನಗಿಲ್ಲ. ಆದರೆ ಎಲ್ಲೋ ಆದ ಟೆಸ್ಟಿನ ಫಲ, ಎಲ್ಲೋ ಅನುಭವಿಸಿದ ನೋವು ನಮ್ಮ ಕೌಂಟರಿಗೆ ಬರುವಷ್ಟರಲ್ಲಿ ಕಳೆದುಹೋಗಬಾರದು ಅಲ್ವಾ? ಅವತ್ತು ಆ ಸೊಸೆ ಕೊಟ್ಟೆ ಸುರಿಯದೆ ಸೆರಗಿನ ಗಂಟಿನಿಂದ ದುಡ್ಡು ತೆಗೆದಿದ್ದರೆ?

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ‘ಅಲರ್ಜಿ’ ಎಂಬ ಒಂದು ಖಾಲಿ ಜಾಗ ಇದೆ. ಅಲ್ಲಿ ಬರೆದರೆ ಬರೆದದ್ದು ಅಷ್ಟೇ, ಅದು ಯಾರನ್ನೂ ಎಚ್ಚರಿಸುವುದಿಲ್ಲ. ಇಂಥ ಲ್ಯಾಪ್‌ಟಾಪ್, ಇಂಥ ನೆಟ್‌ವರ್ಕ್ ಇಟ್ಟುಕೊಂಡು ಏನು ಮಾಡಬಹುದು? ಮಾಡಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ಸಿದ್ದಾಪುರ ಡಾಕ್ಟರ್

ಮೇಡಂ, ಆ ಕಾಗದವನ್ನು ಬಿಡಿಸಿ ಓದಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಎರಡನೇ ಸಲ ಅದೇ ಔಷಧ ಹೋಗಿದ್ದರೆ ಜೀವಕ್ಕೇ ಬರುತ್ತಿತ್ತು.

ಈ ಜೀನಿನ ಸಂಬಂಧ ಮೊದಲು ತಿಳಿದದ್ದು 2004ರಲ್ಲಿ, ತೈವಾನ್‌ನಲ್ಲಿ. ಕಾರ್ಬಮಜೆಪಿನ್‌ನಿಂದ ಹೀಗಾದ 44 ಜನರನ್ನು ನೋಡಿದರು. 44 ಜನರಲ್ಲೂ ಅದೇ ಜೀನ್ ಬಗೆ ಇತ್ತು. ಭಾರತದ ರೋಗಿಗಳಲ್ಲೂ ಆಮೇಲೆ ಕಂಡಿದೆ. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಇನ್ನೊಬ್ಬರಿಗೆ ಇದೇ ಔಷಧದಿಂದ ಚರ್ಮ ಸುಲಿದಿರುತ್ತದೆ, ಟೆಸ್ಟ್ ಮಾತ್ರ ನೆಗೆಟಿವ್ ಬಂದಿರುತ್ತದೆ. ಹಾಗೂ ಆಗುತ್ತದೆ, ಬೇರೆ ಜೀನ್‌ಗಳೂ ಇವೆ. ಅಂಥವರಿಗೂ ಆ ಔಷಧ ಜನ್ಮದಲ್ಲಿ ಬೇಡ. ನಿಮ್ಮ ಕಂಪ್ಯೂಟರಿನಲ್ಲಿ ನೆಗೆಟಿವ್ ರಿಪೋರ್ಟ್ ಹಾಕಿದ ಕೂಡಲೇ ಹಳೆಯ ಎಚ್ಚರಿಕೆ ಅಳಿಸಿಹೋಗುವ ಹಾಗೆ ಆಗಬಾರದು. ಮೈ ಕೊಟ್ಟ ಸಾಕ್ಷಿ ಮೊದಲು, ರಿಪೋರ್ಟ್ ಆಮೇಲೆ.

ಎಲ್ಲ ಔಷಧಕ್ಕೂ ನಿಯಮ ತುಂಬಲು ಹೋಗಬೇಡಿ. ಪ್ರತಿ ಚೀಟಿಗೂ ಕೆಂಪು ಪೆಟ್ಟಿಗೆ ಎದ್ದು ನಿಂತರೆ ವಾರದಲ್ಲಿ ಎಲ್ಲರೂ ಓದದೆ ಒತ್ತಲು ಶುರು ಮಾಡುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು. ನಿಮ್ಮ ಕ್ಲಿನಿಕ್‌ಗೆ ಮೂರ್ನಾಲ್ಕು ಔಷಧ ಸಾಕು.

ಕಾರ್ಬಮಜೆಪಿನ್ ಒಂದು. ಎರಡನೆಯದು ಪ್ರಿಮಾಕ್ವಿನ್. ನಾನು ಮೊದಲು ಹೊನ್ನಾವರದ ಕಡೆ ಕರಾವಳಿಯಲ್ಲಿ ಕೆಲಸ ಮಾಡಿದವ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಅಲ್ವಾ, ಗೋವಾ, ಮಂಗಳೂರು ಕಡೆ ಬೋಟಿಗೆ ಹೋದ ಹುಡುಗರು ಆಗ ಊರಿಗೆ ಬರುತ್ತಾರೆ. ಕೆಲವರು ಮಲೇರಿಯಾ ಹೊತ್ತುಕೊಂಡೇ ಬರುತ್ತಾರೆ. ವೈವ್ಯಾಕ್ಸ್ ಮಲೇರಿಯಾ ಆದರೆ ಯಕೃತ್ತಿನಲ್ಲಿ ಅಡಗಿ ಕೂತದ್ದನ್ನು ಕೊಲ್ಲಲು 14 ದಿನ ಪ್ರಿಮಾಕ್ವಿನ್. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇದ್ದವರಿಗೆ ಅದು ರಕ್ತದ ಕೆಂಪು ಕಣಗಳನ್ನೇ ಒಡೆದುಹಾಕುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣ, ಕಣ್ಣು ಹಳದಿ, ಮೆಟ್ಟಿಲು ಹತ್ತಲು ಏದುಸಿರು. ಈ ಕಿಣ್ವದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಆದ್ದರಿಂದ ಕೊರತೆ ಗಂಡಸರಲ್ಲಿ ಜಾಸ್ತಿ. ಕೊರತೆ ಇದ್ದವರಿಗೆ ದಾರಿಯೇ ಇಲ್ಲ ಎಂದಲ್ಲ. ವಾರಕ್ಕೊಮ್ಮೆಯಂತೆ 8 ವಾರ, ಡಾಕ್ಟರ ಕಣ್ಣಳತೆಯಲ್ಲಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕುಷ್ಠಕ್ಕೆ ಕೊಡುವ ಡ್ಯಾಪ್ಸೋನ್‌ಗೂ ಇದೇ ಎಚ್ಚರ ಬೇಕು. ಪ್ರಿಮಾಕ್ವಿನ್ ಕವರ್ ಮೇಲೆ ‘ಮೂತ್ರ ಕಪ್ಪಾದರೆ ನಿಲ್ಲಿಸಿ, ಕೂಡಲೇ ಬನ್ನಿ’ ಅಂತ ಕನ್ನಡದಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡಿ. ಅದಕ್ಕೆ ಯಾವ ಟೆಸ್ಟೂ ಬೇಡ.

ಮೂರನೆಯದು ಕ್ಲೊಪಿಡೊಗ್ರೆಲ್, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಗುಳಿಗೆ. ಸ್ಟೆಂಟ್ ಹಾಕಿಸಿಕೊಂಡು ಬಂದವರು ನಿಮ್ಮಲ್ಲಿಯೂ ಇರುತ್ತಾರೆ. ಈ ಗುಳಿಗೆ ನುಂಗಿದ ಕೂಡಲೇ ಕೆಲಸ ಮಾಡುವುದಿಲ್ಲ. ಯಕೃತ್ತಿನ ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಕೆಲಸದ ರೂಪಕ್ಕೆ ತಿರುಗಿಸಬೇಕು. ನಮ್ಮ ದಕ್ಷಿಣ ಏಷ್ಯಾದವರಲ್ಲಿ ಆ ಕಿಣ್ವ ಮಂದವಾಗಿರುವವರು ತುಂಬ ಜನ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಇದಕ್ಕೆ ದೊಡ್ಡ ಎಚ್ಚರಿಕೆ ಹಾಕಿತು. ಇಲ್ಲಿ ತೊಂದರೆ ಏನೆಂದರೆ ಮೈ ಮೇಲೆ ಏನೂ ಕಾಣಿಸುವುದಿಲ್ಲ. ಗುಳಿಗೆ ಸುಮ್ನೆ ಹೋಗುತ್ತಿರುತ್ತದೆ. ಆದ್ದರಿಂದ ಯಾರ ಫೈಲಿನಲ್ಲಾದರೂ ಈ ಜೀನಿನ ರಿಪೋರ್ಟ್ ಇದ್ದರೆ ಅದನ್ನು ಚಿನ್ನದ ಹಾಗೆ ಕಾಪಾಡಿ, ಹೃದಯದ ಡಾಕ್ಟರಿಗೆ ತೋರಿಸಿ ಎನ್ನಿ. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು ಎಂದೂ ಅದೇ ಉಸಿರಿನಲ್ಲಿ ಹೇಳಿ.

ಇನ್ನೊಂದು. ಹೊರಗಿನ ನಿಯಮಗಳಲ್ಲಿ ‘ಏಷ್ಯನ್’ ಅಂತ ಒಂದೇ ಪೆಟ್ಟಿಗೆ ಇರುತ್ತದೆ. ನಿಮ್ಮ ಅಂಕೋಲಾ, ಯಲ್ಲಾಪುರದ ಸಾಲಿನಲ್ಲಿ ಸಿದ್ದಿ ಜನ ಇದ್ದಾರೆ, ಅವರ ಮೂಲ ಆಫ್ರಿಕಾ. ಹಾಲಕ್ಕಿಗಳಿದ್ದಾರೆ, ಗೌಳಿಗಳಿದ್ದಾರೆ. ಜೀನೋಮ್ ಇಂಡಿಯಾ ಯೋಜನೆಯವರು ದೇಶದ 10 ಸಾವಿರ ಜನರ ಜೀನೋಮ್ ಓದಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟರು. ಅದು ಮುಂದೆ ಉಪಯೋಗಕ್ಕೆ ಬರುತ್ತದೆ. ಆದರೆ ಕೌಂಟರಿನಲ್ಲಿ ಜಾತಿ ನೋಡಿ ಜೀನ್ ಊಹಿಸಬೇಡಿ. ಎದುರಿಗಿರುವ ಮನುಷ್ಯನಿಗೆ ಏನಾಗಿತ್ತು, ಅವನ ಅಣ್ಣತಮ್ಮಂದಿರಿಗೆ ಏನಾಗಿತ್ತು, ಅದನ್ನು ಕೇಳಿ ಬರೆದುಕೊಳ್ಳಿ.

ಶಿರಸಿ ಪೇಟೆ ಹುಡುಗ

ಅಕ್ಕಾ, ನಾನು ಬೆಂಗಳೂರಿನಲ್ಲಿ ಆರು ವರ್ಷ ಆಸ್ಪತ್ರೆ ಸಾಫ್ಟ್‌ವೇರ್ ಬರೆದು ಈಗ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಕೆಲಸ ಹಳೆಯ ಲ್ಯಾಪ್‌ಟಾಪಿನಲ್ಲೇ ಆಗುತ್ತದೆ. ಇಂಟರ್‌ನೆಟ್ ಇಲ್ಲದೆಯೂ ಆಗುತ್ತದೆ.

ಮೊದಲ ಕೆಲಸ ನಿಮ್ಮದೇ. ಔಷಧವನ್ನು ಬ್ರಾಂಡ್ ಹೆಸರಿನಲ್ಲಿ ಇಟ್ಟರೆ ಎಚ್ಚರಿಕೆ ಕೆಲಸ ಮಾಡುವುದಿಲ್ಲ. ಒಂದೇ ಕಾರ್ಬಮಜೆಪಿನ್ ಹತ್ತಾರು ಹೆಸರಿನಲ್ಲಿ ಬರುತ್ತದೆ. ನಿಮ್ಮ ಸ್ಟಾಕ್ ಪಟ್ಟಿಯ ಪ್ರತಿ ಸಾಲಿನ ಪಕ್ಕ ಸ್ಟ್ರಿಪ್ ಮೇಲಿರುವ ಜೆನೆರಿಕ್ ಹೆಸರನ್ನು ಬರೆಯಿರಿ. ಎರಡು ಔಷಧ ಸೇರಿದ ಗುಳಿಗೆಗೆ ಎರಡು ಹೆಸರು. ಕ್ಲೊಪಿಡೊಗ್ರೆಲ್ ಮತ್ತು ಆಸ್ಪಿರಿನ್ ಒಂದೇ ಕ್ಯಾಪ್ಸೂಲಿನಲ್ಲಿ ಬರುತ್ತದಲ್ಲ, ಅಲ್ಲಿಯೇ ಎಲ್ಲರೂ ತಪ್ಪುವುದು.

ಎರಡನೆಯದು ಆ ಅಲರ್ಜಿ ಜಾಗ. ಅಲ್ಲಿ ಕೈಬರಹದ ಹಾಗೆ ಏನೋ ಟೈಪ್ ಮಾಡಿದರೆ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಪಟ್ಟಿಯಿಂದ ಆರಿಸುವ ಹಾಗೆ ಮಾಡಬೇಕು: ಯಾವ ಔಷಧ, ಏನಾಯಿತು, ಯಾವ ವರ್ಷ, ಯಾರು ಹೇಳಿದ್ದು, ಕಾಗದ ನೋಡಿದ್ದೀರಾ ಇಲ್ಲವಾ. ಜೀನ್ ಟೆಸ್ಟ್ ಆಗಿದ್ದರೆ ಅದಕ್ಕೆ ಬೇರೆಯೇ ಜಾಗ. ಡಾಕ್ಟರು ಹೇಳಿದ ಹಾಗೆ ಒಂದು ಇನ್ನೊಂದನ್ನು ಅಳಿಸಬಾರದು. ಜೀನಿನ ಹೆಸರು, ಬಂದ ಫಲ, ಲ್ಯಾಬ್, ತಾರೀಕು, ಯಾವ ಯಾವ ಬಗೆಗಳನ್ನು ಹುಡುಕಿದ್ದಾರೆ ಎಂಬುದೂ ಬೇಕು. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದರೆ ‘ನಾವು ಹುಡುಕಿದ್ದು ಸಿಗಲಿಲ್ಲ’ ಅಂತ ಅಷ್ಟೇ ಅರ್ಥ.

ನಿಯಮಗಳನ್ನು ನಾವು ಕಟ್ಟಬೇಕಾಗಿಲ್ಲ. ಸಿಪಿಐಸಿ ಎಂಬ ತಜ್ಞರ ಗುಂಪು 2009ರಿಂದ ಇದೇ ಕೆಲಸ ಮಾಡುತ್ತಿದೆ. ಯಾವ ಜೀನಿಗೆ ಯಾವ ಔಷಧ ಹೇಗೆ ಬದಲಿಸಬೇಕು ಎಂಬ ಕೋಷ್ಟಕಗಳನ್ನು ಉಚಿತವಾಗಿ ಹಾಕಿದ್ದಾರೆ. ನಿಮಗೆ ಬೇಕಾದ ನಾಲ್ಕೈದು ಸಾಲು ತೆಗೆದು ಲ್ಯಾಪ್‌ಟಾಪಿನಲ್ಲೇ ಇಡಬಹುದು. ಬಿಲ್ ಮಾಡುವಾಗ ಗುಳಿಗೆಯ ಜೆನೆರಿಕ್ ಹೆಸರು ಮತ್ತು ರೋಗಿಯ ಎಚ್ಚರಿಕೆ ಒಂದೇ ಆದರೆ ಬಿಲ್ ನಿಲ್ಲಬೇಕು. ಪೂರ್ತಿ ದಾಖಲೆ ವ್ಯವಸ್ಥೆಯೇ ಬೇಕೆಂದರೆ ಬಾಹ್ಮ್ನಿ ಇದೆ. ಛತ್ತೀಸ್‌ಗಡದ ಗನಿಯಾರಿಯ ಹಳ್ಳಿ ಆಸ್ಪತ್ರೆಯಲ್ಲಿ ಶುರುವಾದದ್ದು, ಉಚಿತ, ಕ್ಲಿನಿಕ್ ಒಳಗಿನ ಕಂಪ್ಯೂಟರಿನಲ್ಲೇ ಓಡುತ್ತದೆ. ಆದರೆ ಇಬ್ಬರೇ ಇರುವ ನಿಮ್ಮ ಕ್ಲಿನಿಕ್‌ಗೆ ಈಗಲೇ ಅಷ್ಟು ಭಾರ ಬೇಡ ಅನ್ನಿಸುತ್ತದೆ.

ಆಭಾ ನಂಬರ್, ಅಂದರೆ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ನಂಬರ್ ಬಗ್ಗೆ ಯಾರಾದರೂ ಕೇಳುತ್ತಾರೆ. 14 ಅಂಕಿಯ ಆ ನಂಬರ್ ಮಾಡಿಸಿಡಿ, ಒಳ್ಳೆಯದೇ. ಆದರೆ ಹಳೆಯ ಆಸ್ಪತ್ರೆ ದಾಖಲೆಯನ್ನು ಅದಕ್ಕೆ ಜೋಡಿಸಿರಬೇಕು, ರೋಗಿ ಒಪ್ಪಿಗೆ ಕೊಡಬೇಕು, ಆ ಹೊತ್ತಿಗೆ ನಿಮ್ಮ ಗೇರು ಮರದ ಕೆಳಗೆ ಸಿಗ್ನಲ್ ಇರಬೇಕು. ಮೂರೂ ಕೂಡಿಬರುವ ತನಕ ಕಾರ್ಡೇ ಗಟ್ಟಿ.

ಕಾರ್ಡ್ ಎಂದರೆ ಹಿಂದುಳಿದದ್ದು ಅಂದುಕೊಳ್ಳಬೇಡಿ. ಯುರೋಪಿನ 7 ದೇಶಗಳಲ್ಲಿ ಸುಮಾರು 7 ಸಾವಿರ ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು, 2023ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. 12 ಜೀನ್ ಮೊದಲೇ ನೋಡಿ ಔಷಧ ಕೊಟ್ಟಾಗ ತೊಂದರೆ ಕೊಡುವ ಅಡ್ಡಪರಿಣಾಮ 30% ಕಡಿಮೆ ಆಯಿತು. ಅಲ್ಲಿಯೂ ರೋಗಿಯ ಕೈಗೆ ಕೊಟ್ಟದ್ದು ಕ್ಯೂಆರ್ ಕೋಡ್ ಇರುವ ಒಂದು ಸಣ್ಣ ಕಾರ್ಡ್. ನಮ್ಮಲ್ಲಿ ಮಾತ್ರ ಕ್ಯೂಆರ್ ಒಳಗೆ ವೆಬ್‌ಸೈಟಿನ ಕೊಂಡಿ ಇಡಬಾರದು, ಸಂದೇಶವನ್ನೇ ಇಡಬೇಕು. ನೆಟ್ ಇಲ್ಲದಿದ್ದರೂ ಫೋನ್ ಓದಬೇಕು. ಕ್ಯೂಆರ್‌ನಲ್ಲಿ ಹಿಡಿಯುವುದು ಹೆಚ್ಚೆಂದರೆ 2,953 ಬೈಟ್. ಕನ್ನಡದಲ್ಲಿ ‘ಕ’ ಬರೆಯಲು 3 ಬೈಟ್, ‘ಕಾ’ ಬರೆಯಲು 6. ಪೂರ್ತಿ ತುಂಬಿದರೆ ಚುಕ್ಕಿಗಳು ಸಣ್ಣಗಾಗಿ ಹಳೆಯ ಫೋನ್ ಓದುವುದೇ ಇಲ್ಲ. ಎರಡು ಸಾಲು ಸಾಕು. ಮತ್ತು ಅದೇ ಎರಡು ಸಾಲು ಕಾರ್ಡಿನ ಮೇಲೆ ಕಣ್ಣಿಗೆ ಕಾಣುವ ಹಾಗೆಯೂ ಇರಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ.

ಗಂಗಾವಳಿ ದಂಡೆ

ತಮ್ಮಾ, ಡಾಕ್ಟ್ರೇ, ಇಬ್ಬರಿಗೂ ತುಂಬ ಥ್ಯಾಂಕ್ಸ್. ಭಾನುವಾರ ಇಡೀ ದಿನ ಕೂತು ಸ್ಟಾಕ್ ಪಟ್ಟಿ ಮಾಡಿದೆ. 212 ಸಾಲು. ಜೆನೆರಿಕ್ ಹೆಸರು ಹಾಕುತ್ತಾ ಹೋದ ಹಾಗೆ ಕಣ್ಣು ತೆರೆಯಿತು. ಡಾಕ್ಟರು ಹೇಳಿದ ಔಷಧಗಳು ನಮ್ಮ ಕಪಾಟಿನಲ್ಲಿ 9 ಬೇರೆ ಬೇರೆ ಹೆಸರಿನಲ್ಲಿ ಇವೆ. ಒಂದು ಹೆಸರು ನನಗೂ ಮರೆತುಹೋಗಿತ್ತು.

ಈಗ ಹೊಸ ತಲೆಬಿಸಿ. ಎಚ್ಚರಿಕೆಯನ್ನು ಯಾರ ಹೆಸರಿಗೆ ಹಾಕುವುದು? ನಮ್ಮ ರಿಜಿಸ್ಟರಿನಲ್ಲಿ ಒಂದೇ ಹೆಸರಿನ, ಒಂದೇ ಅಡ್ಡಹೆಸರಿನ ಹನ್ನೊಂದು ಹೆಂಗಸರಿದ್ದಾರೆ. ಒಂದು ಮೊಬೈಲ್ ನಂಬರಿನಲ್ಲಿ ನಾಲ್ಕು ಜನ. ವಯಸ್ಸು ಕೇಳಿದರೆ ಪ್ರತಿ ಸಲ ಬೇರೆ ಹೇಳುತ್ತಾರೆ. ಎಚ್ಚರಿಕೆ ಬೇರೆಯವರಿಗೆ ಅಂಟಿದರೆ ಅವರಿಗೆ ಬೇಕಾದ ಔಷಧ ತಪ್ಪುತ್ತದೆ, ಬೇಕಾದವರಿಗೆ ಎಚ್ಚರಿಕೆಯೇ ಇರುವುದಿಲ್ಲ. ನನಗೆ ಇದೇ ಎಲ್ಲಕ್ಕಿಂತ ಹೆಚ್ಚು ಹೆದರಿಕೆ.

ಕಾರವಾರ ಲ್ಯಾಬ್

ನಿಮ್ಮ ಹೆದರಿಕೆ ಸರಿಯಾದದ್ದೇ ಮೇಡಂ. ಲ್ಯಾಬ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಹೆಸರಿನ ಜೊತೆ ಗಂಡನ ಅಥವಾ ತಂದೆಯ ಹೆಸರು, ಮನೆ ಇರುವ ಕೇರಿ, ಮತ್ತು ನಿಮ್ಮದೇ ಒಂದು ನಂಬರ್ ಕೊಡಿ. ಆ ನಂಬರನ್ನು ಕಾರ್ಡ್ ಮೇಲೂ ಹಾಕಿ, ಟ್ಯೂಬ್ ಮೇಲೂ ಹಾಕಿ. ವಾಟ್ಸಾಪಿನಲ್ಲಿ ಬರುವ ರಿಪೋರ್ಟನ್ನು ಹೆಸರು ನೋಡಿ ಏರಿಸಬೇಡಿ, ನಂಬರ್ ನೋಡಿ ಏರಿಸಿ. ಏರಿಸಿದ ಮೇಲೆ ಸಿಸ್ಟರ್ ಇನ್ನೊಮ್ಮೆ ಓದಿ ಸಹಿ ಹಾಕಲಿ.

ಜೀನ್ ಟೆಸ್ಟಿಗೆ ಹೆಚ್ಚಾಗಿ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಸಾಕು, ರಕ್ತಕಣ ಎಣಿಸುವ ಸಿಬಿಸಿಗೆ ಬಳಸುತ್ತೀರಲ್ಲ ಅದೇ. ಹೊರ ಊರಿನ ಲ್ಯಾಬಿಗೆ ಕಳಿಸಬೇಕು. ಮಳೆಗಾಲದಲ್ಲಿ ಘಟ್ಟ ಬಂದ್ ಆಗುವ ದಿನ ನೋಡಿಕೊಂಡು ಕಳಿಸಿ.

ಜಿ6ಪಿಡಿ ಬಗ್ಗೆ ಒಂದು ಮಾತು, ಇದು ಮುಖ್ಯ. ರಕ್ತ ಒಡೆದು ರೋಗಿ ಹಳದಿಯಾಗಿ ಬಂದ ದಿನ ಈ ಟೆಸ್ಟ್ ಮಾಡಿದರೆ ನಾರ್ಮಲ್ ಬರಬಹುದು. ಕಿಣ್ವ ಕಡಿಮೆ ಇದ್ದ ಹಳೆಯ ಕಣಗಳು ಆಗಲೇ ಒಡೆದುಹೋಗಿರುತ್ತವೆ, ಉಳಿದ ಎಳೆಯ ಕಣಗಳಲ್ಲಿ ಕಿಣ್ವ ಚೆನ್ನಾಗಿರುತ್ತದೆ. ಬೇರೆಯವರ ರಕ್ತ ಕೊಟ್ಟಿದ್ದರೂ ಹಾಗೆಯೇ. ಕೆಲವು ವಾರ ಬಿಟ್ಟು ಮತ್ತೆ ಮಾಡಬೇಕು. ಹೆಂಗಸರಲ್ಲಿ ಅರ್ಧ ಕೊರತೆ ಇದ್ದರೆ ‘ಇದೆ, ಇಲ್ಲ’ ಎಂದಷ್ಟೇ ಹೇಳುವ ಟೆಸ್ಟಿಗೆ ಅದು ಸಿಗದೆ ಹೋಗಬಹುದು. ಆದ್ದರಿಂದ ನಿಮ್ಮ ಕಂಪ್ಯೂಟರಿನಲ್ಲಿ ಟೆಸ್ಟಿನ ತಾರೀಕು ಇದ್ದರೆ ಸಾಲದು, ಆ ದಿನ ರೋಗಿ ಹೇಗಿದ್ದರು ಎಂಬುದನ್ನೂ ಬರೆಯಲು ಜಾಗ ಇಡಿ.

ಮತ್ತೆ, ಆ ಅಮ್ಮನಿಗೆ ಆದದ್ದನ್ನು ಔಷಧ ಅಡ್ಡಪರಿಣಾಮದ ರಾಷ್ಟ್ರೀಯ ಯೋಜನೆಗೆ ತಿಳಿಸಿದ್ದಾರಾ ನೋಡಿ. ಪಿವಿಪಿಐ ಅಂತ, 2010ರಲ್ಲಿ ಶುರುವಾದದ್ದು. ಸಹಾಯವಾಣಿ 1800-180-3024. ಫಾರ್ಮಸಿಸ್ಟ್ ಕೂಡ ವರದಿ ಮಾಡಬಹುದು.

ಹೊನ್ನಾವರ ಆಶಾ

ತಂಗಿ, ನಾನು ಆಶಾ ಕಾರ್ಯಕರ್ತೆ. ಕಂಪ್ಯೂಟರ್ ವಿಷಯ ನನಗೆ ಜಾಸ್ತಿ ತಿಳಿಯದು. ಕಾರ್ಡ್ ಬಗ್ಗೆ ಮಾತ್ರ ಹೇಳುತ್ತೇನೆ. ಜನ ಆಸ್ಪತ್ರೆ ಕಾಗದ ಕಳೆಯುತ್ತಾರೆ, ರೇಷನ್ ಕಾರ್ಡ್ ಕಳೆಯುವುದಿಲ್ಲ. ನಿನ್ನ ಕಾರ್ಡನ್ನು ಅದರ ಜೊತೆಯೇ ಪಿನ್ ಹೊಡೆದು ಕೊಡು. ಇನ್ನೊಂದು ಪ್ರತಿ ಸೊಸೆಯ ಹತ್ತಿರ ಇರಲಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವಳು ಅವಳೇ. ನಮ್ಮ ಕಡೆ ಕೊಂಕಣಿ ಮನೆಗಳಲ್ಲಿ ನಾನು ಬಾಯಲ್ಲಿ ಹೇಳಿಕೊಡುತ್ತೇನೆ: ‘ಎಲ್ಲೇ ಹೋಗಿ, ಗುಳಿಗೆ ಕೊಡುವ ಮೊದಲು ಇದನ್ನು ತೋರಿಸಿ.’ ಒಂದೇ ವಾಕ್ಯ. ಮೂರು ಸಲ ಅವರ ಬಾಯಿಂದ ಹೇಳಿಸಿದ ಮೇಲೆಯೇ ಏಳುತ್ತೇನೆ.

ಊರಿನಲ್ಲಿ ಮದುವೆ ಮಾತುಕತೆ ನಡೆಯುವ ಮನೆಗಳಿರುತ್ತವೆ. ‘ಜೀನ್ ದೋಷ’ ಅಂತ ಮಾತ್ರ ಕಾರ್ಡಿನಲ್ಲಿ ಬರೆಯಬೇಡ. ‘ಈ ಗುಳಿಗೆ ಆಗುವುದಿಲ್ಲ’ ಎಂದರೆ ಸಾಕು. ಗ್ರೂಪಿನಲ್ಲಿ ಯಾರದ್ದೂ ಫೋಟೋ ಹಾಕಬೇಡಿ.

ಗಂಗಾವಳಿ ದಂಡೆ

ಅಕ್ಕಾ, ನಿಮ್ಮ ಮಾತು ಕೇಳಿ ಕಾರ್ಡಿನ ಒಕ್ಕಣೆ ಬದಲಿಸಿದೆ. ಮೇಲೆ ಆ ಅಮ್ಮನ ಹೆಸರು, ಗಂಡನ ಹೆಸರು, ಕೇರಿ, ನಮ್ಮ ನಂಬರ್. ಕೆಳಗೆ: ‘ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್ ಕೊಡಬೇಡಿ. ಮೊದಲು ಕೊಟ್ಟಾಗ ಚರ್ಮ ಸುಲಿದಿತ್ತು.’ ಔಷಧಗಳ ಹೆಸರನ್ನು ನಮ್ಮ ಡಾಕ್ಟರು ನೋಡಿ ಒಪ್ಪಿದ್ದಾರೆ. ಜೀನಿನ ಹೆಸರು ಕ್ಯೂಆರ್ ಒಳಗೆ ಮಾತ್ರ ಇದೆ. ಲ್ಯಾಮಿನೇಶನ್ ಮಾಡಿಸಲು ಅಂಕೋಲಾ ಪೇಟೆಗೆ ಹೋಗಿ ಬಂದೆ.

ಮೊನ್ನೆ ಗುರುವಾರ ಅತ್ತೆ ಸೊಸೆ ಇಬ್ಬರೂ ಬಂದಿದ್ದರು. ನೋವು ಕಡಿಮೆಯಾಗಿದೆ, ಗಂಜಿ ಉಣ್ಣುತ್ತಿದ್ದಾರೆ. ಕಾರ್ಡನ್ನು ರೇಷನ್ ಕಾರ್ಡಿಗೆ ಪಿನ್ ಹೊಡೆದೆ. ಇದು ಗುಳಿಗೆಯಿಂದ ಆದದ್ದು ಎಂದು ನಿಧಾನಕ್ಕೆ ಹೇಳಿದೆ. ಆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನನ್ನ ತಪ್ಪೇನೂ ಇರಲಿಲ್ಲ’ ಎಂದರು. ನಾಲ್ಕು ವರ್ಷ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅಂತ ಆಗ ನನಗೆ ತಿಳಿಯಿತು.

ಸೊಸೆ ಕೇಳಿದಳು: ‘ನನ್ನ ಗಂಡನಿಗೂ ಇದು ಇರುತ್ತದಾ?’ ಡಾಕ್ಟರನ್ನು ಕೇಳಿದೆ. ಅರ್ಧಕ್ಕರ್ಧ ಸಾಧ್ಯತೆ ಎಂದರು. ಅವನು ಮಂಗಳೂರಿನಲ್ಲಿ ಬೋಟ್ ಮೇಲಿದ್ದಾನೆ, ಟೆಸ್ಟ್ ಆಗಿಲ್ಲ. ಅವನ ಹೆಸರಿನ ಮುಂದೆ ಕೆಂಪು ಹಾಕದೆ ಹಳದಿ ಹಾಕಿದ್ದೇನೆ: ‘ತಾಯಿಗೆ ಇದೆ, ಈ ಗುಳಿಗೆ ಬರೆಯುವ ಮೊದಲು ಟೆಸ್ಟ್ ಮಾಡಿಸಿ.’ ಬಿಲ್ ನಿಲ್ಲಿಸುವುದು ಕೆಂಪಿಗೆ ಬರುತ್ತದೆ, ಹಳದಿಗೆ ಹೇಗೆ ಎಂದು ಗೊತ್ತಾಗುತ್ತಿಲ್ಲ. ಶಿರಸಿ ತಮ್ಮಾ, ಶನಿವಾರ ಬಿಡುವಿದ್ದರೆ ಬೆಳಗಿನ ಬಸ್ಸಿಗೆ ಇಳಿದು ಬಾ. ಊಟ ನಮ್ಮ ಮನೆಯಲ್ಲೇ. ಕರೆಂಟ್ ಇರುವ ಹೊತ್ತಿನಲ್ಲಿ ಅದೊಂದು ಮುಗಿಸಿಕೊಡು.